ದರೋಜಿಯ ಕರಡಿಗೆ ‘ನಿಧಾನಪಾದ’ ಎಂಬ ಹೆಸರು ಬಂದ ಬಗೆ

ಹಂಪಿಗೆ ಸಮೀಪದಲ್ಲಿ, ಹೊಸಪೇಟೆ ಮತ್ತು ಸಂಡೂರು ಸೀಮೆಗಳ ಬಂಡೆಗುಡ್ಡಗಳ ನಡುವೆ 1994ರಲ್ಲಿ ರೂಪುಗೊಂಡ ದರೋಜಿ ಕರಡಿಧಾಮದ ಕರಡಿಯನ್ನು ಪ್ರಾಣಿಶಾಸ್ತ್ರವು ‘ಮೆಲರ್ಸಸ್ ಅರ್ಸಿನಸ್’ ಎಂದು ಗುರುತಿಸುತ್ತದೆ. ಲ್ಯಾಟಿನ್ ಭಾಷೆಯಲ್ಲಿ ‘ಮೆಲ್’ ಎಂದರೆ ಜೇನು, ಸಂಸ್ಕೃತದ ‘ಋಕ್ಷ’ಕ್ಕೆ ಜ್ಞಾತಿಪದವಾದ ‘ಅರ್ಸಸ್’ ಎಂದರೆ ಕರಡಿ, ‘ಅರ್ಸಿನಸ್’ ಎಂದರೆ ಕರಡಿಯಂತಹುದು. ಕರಡಿಯನ್ನೇ ಕರಡಿಯಂತಹುದೆಂದು ಬಣ್ಣಿಸುವ ಈ ಪುನರುಕ್ತಿಗೆ 18ನೆಯ ಶತಮಾನದ ತಪ್ಪು ವರ್ಗೀಕರಣವೊಂದು ಕಾರಣವಾಗಿದೆ.

1791ರಲ್ಲಿ ಈ ಪ್ರಾಣಿಗೆ ಮೊದಲ ವೈಜ್ಞಾನಿಕ ಹೆಸರನ್ನಿತ್ತ ಇಂಗ್ಲೆಂಡಿನ ಜಾರ್ಜ್ ಶಾ, ಅದರ ನೀಳವಾದ ಬಾಗುಗುರುಗಳನ್ನೂ ಹಲ್ಲುಗಳ ವಿಶಿಷ್ಟ ರಚನೆಯನ್ನೂ ಗಮನಿಸಿ, ಅದನ್ನು ಅಮೆರಿಕದ ಉಷ್ಣವಲಯದ ಮರಗಳಲ್ಲಿ ಜೋತುಬಿದ್ದು ಬದುಕುವ ಸ್ಲಾತ್‌ಗಳ ಗುಂಪಿಗೆ ಸೇರಿಸಿ ‘ಬ್ರ್ಯಾಡಿಪಸ್ ಅರ್ಸಿನಸ್’, ಅಂದರೆ ಕರಡಿಯನ್ನು ಹೋಲುವ ಸ್ಲಾತ್ ಎಂದು ಕರೆದರು. ಗ್ರೀಕ್‌ನಲ್ಲಿ ‘ಬ್ರ್ಯಾಡಿಸ್’ ಎಂದರೆ ನಿಧಾನ, ‘ಪೌಸ್’ ಎಂದರೆ ಪಾದ. ‘ನಿಧಾನಪಾದ’ ಎಂಬ ಈ ವಿಶೇಷಣ, ಅಗತ್ಯಬಿದ್ದಾಗ ಮನುಷ್ಯನಿಗಿಂತ ವೇಗವಾಗಿ ಓಡಬಲ್ಲ ಕರಡಿಗೆ ಹೊಂದುವುದಿಲ್ಲ.

ಶಾ ಅವರನ್ನು ದಾರಿತಪ್ಪಿಸಿದ ಲಕ್ಷಣಗಳು ವಾಸ್ತವದಲ್ಲಿ ಗೆದ್ದಲು ತಿಂದು ಬದುಕುವ ಜೀವನಕ್ರಮದ ಸಾಧನಗಳಾಗಿವೆ. ಕರಡಿಯು ಗಟ್ಟಿಯಾದ ಹುತ್ತವನ್ನು ಉಗುರುಗಳಿಂದ ಅಗೆದು, ಮೂತಿಯಿಂದ ಬಲವಾಗಿ ಊದಿ ಮಣ್ಣುದೂಳನ್ನು ಚದುರಿಸಿದ ಬಳಿಕ, ಮುಂದಕ್ಕೆ ಚಾಚಬಲ್ಲ ತುಟಿಗಳನ್ನು ಕೊಳವೆಯಂತೆ ಮಾಡಿಕೊಂಡು ಗೆದ್ದಲುಗಳನ್ನು ಹೀರಿಕೊಳ್ಳುತ್ತದೆ. ಮೇಲ್ದವಡೆಯ ನಡುವಣ ಎರಡು ಬಾಚಿಹಲ್ಲುಗಳು ಇಲ್ಲದ ತೆರಪು ಇದಕ್ಕೆ ದಾರಿಯಾಗುತ್ತದೆ. ಇಚ್ಛೆಯಂತೆ ಮುಚ್ಚಬಹುದಾದ ಮೂಗಿನ ಹೊಳ್ಳೆಗಳು ದೂಳು ಒಳನುಗ್ಗದಂತೆ ತಡೆಯುತ್ತವೆ. ಹೀರುವ ಈ ಸದ್ದು 100 ಮೀಟರಿಗೂ ಆಚೆ ಕೇಳಿಸುತ್ತದೆ.

1793ರಲ್ಲಿ ಜರ್ಮನಿಯ ಮೇಯರ್ ಇದನ್ನು ಕರಡಿಯೆಂದೇ ಗುರುತಿಸಿ ‘ಮೆಲರ್ಸಸ್ ಲೈಬಿಯಸ್’ ಎಂಬ ಹೆಸರನ್ನಿತ್ತರು. ಆದರೆ ಪ್ರಾಣಿನಾಮಕರಣದ ಆದ್ಯತಾ ನಿಯಮದಂತೆ, ಕುಲವು ಬದಲಾದರೂ ಪ್ರಭೇದಕ್ಕೆ ಮೊದಲು ಇಟ್ಟ ಹೆಸರೇ ಊರ್ಜಿತವಾಗುವುದರಿಂದ, ಮೇಯರ್ ಅವರ ‘ಲೈಬಿಯಸ್’ ಬಿದ್ದುಹೋಗಿ ಶಾ ಅವರ ‘ಅರ್ಸಿನಸ್’ ಉಳಿಯಿತು. ಒಂದೇ ಜೀವಿಯನ್ನು ಜಗತ್ತಿನೆಲ್ಲೆಡೆ ಒಂದೇ ಹೆಸರಿನಿಂದ ಗುರುತಿಸುವ ಅನುಕೂಲಕ್ಕಾಗಿ ಈ ನಿಯಮವು ಅರ್ಥದ ಔಚಿತ್ಯವನ್ನು ಬಿಟ್ಟುಕೊಡುತ್ತದೆ. ಅಂಥ ಯಾವ ನಿಯಮಕ್ಕೂ ಒಳಪಡದ ಇಂಗ್ಲಿಷಿನ ಆಡುನುಡಿಯಾದರೋ ‘ಸ್ಲಾತ್ ಬೇರ್’ ಎಂಬ ರೂಪದಲ್ಲಿ ಶಾ ಅವರ ತಪ್ಪನ್ನೇ ಇಂದಿಗೂ ಬಳಸುತ್ತಿದೆ.