ಚಿಕ್ಕ ಜೇಸೀಬಿ ಯಂತ್ರಕ್ಕೆ ತೊಡಿಸತಕ್ಕ ಉಪಕರಣಗಳ ಆಯ್ಕೆ: ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಸೀಮೆಯವರಿಗೆ ಕೆಲವು ಸೂಚನೆಗಳು

ಮಳೆಯು ಹಿಂದೆಗೆದು ದೀಪಾವಳಿಯು ಕಳೆಯಿತೆಂದರೆ ನಮ್ಮ ಸೀಮೆಯಲ್ಲಿ ಮಣ್ಣಿನ ಕೆಲಸಗಳಿಗೆ ಮೊದಲಾಗುವುದು. ತೋಟದ ಕಣಿಗಳನ್ನು ಬಿಡಿಸುವುದು, ಕೆರೆಯ ಹೂಳೆತ್ತುವುದು, ತೋಡಿಗೆ ಕಟ್ಟ ಹಾಕುವುದು, ಹೊಸ ಸಸಿಗಳಿಗೆ ಗುಂಡಿ ತೋಡುವುದು, ಮನೆಗೆ ದಾರಿ ಕಡಿಯುವುದು, ಇವೆಲ್ಲವೂ ಪತ್ತನಾಜೆಯೊಳಗೆ ಮುಗಿಯತಕ್ಕ ಕೆಲಸಗಳು. ಹಿಂದೆ ಹಾರೆ, ಪಿಕ್ಕಾಸು, ಬುಟ್ಟಿಗಳಿಂದ ಹತ್ತಾರು ಆಳುಗಳು ತಿಂಗಳುಗಟ್ಟಲೆ ಮಾಡುತ್ತಿದ್ದ ಕೆಲಸವನ್ನು ಈಗ ಜನರು ಜೇಸೀಬಿಯೆಂದು ಕರೆಯುವ ಯಂತ್ರವು ಕೆಲವೇ ತಾಸುಗಳಲ್ಲಿ ಮಾಡಿ ಮುಗಿಸುತ್ತದೆ. ಆಳುಗಳು ದೊರೆಯದ ಈ ಕಾಲದಲ್ಲಿ ಇದು ದೊಡ್ಡ ಉಪಕಾರವೆಂಬುದರಲ್ಲಿ ಸಂಶಯವಿಲ್ಲ. ಆದರೆ ಹಾರೆಯ ತಪ್ಪು ಹಿಡಿಯಷ್ಟು, ಯಂತ್ರದ ತಪ್ಪು ಗಾಡಿಗಟ್ಟಲೆ. ಆದುದರಿಂದ ಗ್ರಾಮದ ಮುಖಂಡರೂ ಭೂಮಾಲೀಕರೂ ಈ ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿದಿರುವುದು ಅವಶ್ಯವಾಗಿದೆ.

ಈ ಯಂತ್ರವು ಮುಂಭಾಗದಲ್ಲಿ ಮಣ್ಣನ್ನು ಬಾಚಿ ಎತ್ತುವ ಅಗಲವಾದ ಬಕೆಟ್ಟನ್ನೂ ಹಿಂಭಾಗದಲ್ಲಿ ಆನೆಯ ಸೊಂಡಿಲಿನಂತೆ ಬಾಗಿ ಅಗೆಯುವ ಕೈಯನ್ನೂ ಉಳ್ಳದ್ದು. ಇಂಗ್ಲೆಂಡಿನ ಜೋಸೆಫ್ ಸಿರಿಲ್ ಬ್ಯಾಮ್‌ಫೋರ್ಡ್ ಎಂಬವರ ಹೆಸರಿನ ಮೊದಲಕ್ಷರಗಳಿಂದ ಇದಕ್ಕೆ ಆ ಹೆಸರು ಬಂದಿತು. ಅವರ ಕಾರ್ಖಾನೆಯು ಈ ಬಗೆಯ ಮೊದಲ ಯಂತ್ರವನ್ನು ೧೯೫೩ರಲ್ಲಿ ಹೊರತಂದಿತು, ಭಾರತದಲ್ಲಿ ಅದರ ಸಂಸ್ಥೆಯು ೧೯೭೯ರಲ್ಲಿ ಹುಟ್ಟಿತು. ಇತರ ಕಂಪೆನಿಗಳ ಯಂತ್ರಗಳನ್ನೂ ನಮ್ಮವರು ಅದೇ ಹೆಸರಿನಿಂದ ಕರೆಯುವುದು ರೂಢಿಯಾಗಿದೆ. ಸಾಮಾನ್ಯ ಯಂತ್ರವು ಏಳು ಟನ್ನಿಗೂ ಮಿಕ್ಕ ತೂಕದ್ದು, ಅದರ ಮುಂದಿನ ಬಕೆಟ್ಟು ಏಳಡಿಗೂ ಮಿಕ್ಕ ಅಗಲದ್ದು. ಚಿಕ್ಕ ಯಂತ್ರವಾದರೋ ಸುಮಾರು ೫೦ ಅಶ್ವಶಕ್ತಿಯದಾಗಿ, ತೂಕದಲ್ಲಿಯೂ ಅಗಲದಲ್ಲಿಯೂ ಅದಕ್ಕಿಂತ ಕಡಮೆಯಾಗಿರುತ್ತದೆ. ಒಂಬತ್ತಡಿಯ ಸಾಲುಗಳ ನಡುವೆ ಮರಕ್ಕೆ ತರಚದಂತೆ ಹೋಗಿಬರಬೇಕಾದ ನಮ್ಮ ತೋಟಗಳಿಗೆ ಈ ಚಿಕ್ಕದೇ ಯೋಗ್ಯವಾದುದು.

ಯಂತ್ರವನ್ನು ಕೊಳ್ಳುವವರು ಅಶ್ವಶಕ್ತಿಯನ್ನು ಕೇಳುವರು. ಬಾಡಿಗೆಗೆ ಕರೆಯುವವರು ಗಂಟೆಗೆ ಎಷ್ಟೆಂದು ಕೇಳುವರು. ಕೈಯ ತುದಿಗೆ ಏನನ್ನು ತೊಡಿಸಿಕೊಂಡು ಬರುತ್ತೀರೆಂದು ಕೇಳುವವರು ಬಹಳ ವಿರಳ. ಆದರೆ ಭೂಮಿಗೆ ತಾಗುವುದು ಇಂಜಿನಲ್ಲ, ಆ ತುದಿಯ ಉಪಕರಣವೇ. ಬಾಡಿಗೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಎರಡಡಿಯಿಂದ ಮೂರಡಿಯವರೆಗಿನ ಅಗಲದ, ಹಲ್ಲುಳ್ಳ ಒಂದೇ ಬಕೆಟ್ಟು ಇರುವುದು. ಪಾಯ ತೋಡುವುದಕ್ಕೂ ಅದೇ, ತೋಟದ ಕಣಿಗೂ ಅದೇ, ಕೆರೆಗೂ ಅದೇ.

ಇದರಿಂದಾಗುವ ನಷ್ಟವನ್ನು ಲೆಕ್ಕದಿಂದಲೇ ತೋರಿಸಬಹುದು. ಒಬ್ಬ ಗೃಹಸ್ಥರ ಅಡಿಕೆ ತೋಟವನ್ನು ಭಾವಿಸಿಕೊಳ್ಳೋಣ. ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ ೧೯೫೬ರಲ್ಲಿ ಸ್ಥಾಪಿತವಾಗಿ, ಈಗ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಾಗಿರುವ ಅಡಿಕೆ ಸಂಶೋಧನಾಲಯವು ಶಿಫಾರಸು ಮಾಡಿರುವಂತೆ ಸಾಲಿನಿಂದ ಸಾಲಿಗೆ ೨.೭ ಮೀಟರು, ಅಂದರೆ ಒಂಬತ್ತಡಿ ಅಂತರವಿದೆ ಎನ್ನೋಣ. ಎರಡು ಸಾಲುಗಳ ನಟ್ಟನಡುವೆ ಬಸಿಗಾಲುವೆಯನ್ನು ತೆಗೆಯಬೇಕು. ಆ ನಡುಗೆರೆಯಿಂದ ಮರಕ್ಕೆ ಇರುವ ದೂರವು ೧೩೫ ಸೆಂಟಿಮೀಟರು. ಅಡಿಕೆಯ ಬೇರುಗಳ ಬಹುಭಾಗವು ಬುಡದಿಂದ ಸುಮಾರು ಒಂದು ಮೀಟರಿನೊಳಗೆ ಹರಡಿಕೊಂಡಿರುತ್ತದೆ. ೯೦ ಸೆಂಟಿಮೀಟರು ಅಗಲದ ಬಕೆಟ್ಟಿನಿಂದ ಅಗೆದರೆ ಕಣಿಯ ಅಂಚು ಮರದಿಂದ ೯೦ ಸೆಂಟಿಮೀಟರಿಗೆ ಬರುವುದು. ಎರಡೂ ಬದಿಯ ಸಾಲುಗಳ ಬೇರು ಒಂದೇ ದಿನದಲ್ಲಿ ಕಡಿದುಹೋಗುವುದು. ೪೫ ಸೆಂಟಿಮೀಟರಿನ, ಅಂದರೆ ಒಂದೂವರೆ ಅಡಿಯ ಬಕೆಟ್ಟಾದರೆ ಮರಕ್ಕೂ ಕಣಿಗೂ ನಡುವೆ ೧೧೨ ಸೆಂಟಿಮೀಟರು ಉಳಿದು ಬೇರುಗಳು ಕ್ಷೇಮವಾಗಿರುವವು. ಇನ್ನೂ ಹತ್ತಿರ ಹತ್ತಿರ ನೆಟ್ಟ ಹಳೆಯ ತೋಟಗಳಲ್ಲಿ ಒಂದಡಿಯ ಬಕೆಟ್ಟಲ್ಲದೆ ಬೇರೆ ಉಪಾಯವಿಲ್ಲ.

ಮಣ್ಣಿನ ಲೆಕ್ಕವನ್ನೂ ನೋಡಿರಿ. ೧೦೦ ಮೀಟರು ಉದ್ದ, ೭೫ ಸೆಂಟಿಮೀಟರು ಆಳದ ಕಣಿಯನ್ನು ಒಂದೂವರೆ ಅಡಿಯ ಬಕೆಟ್ಟಿನಿಂದ ತೆಗೆದರೆ ಸುಮಾರು ೩೪ ಘನಮೀಟರು ಮಣ್ಣು ಏಳುವುದು. ಮೂರಡಿಯದರಿಂದ ತೆಗೆದರೆ ಸುಮಾರು ೬೮. ಒಂದು ಲೋಡಿಗೆ ೩ ಘನಮೀಟರಿನಂತೆ ಹಿಡಿದರೆ ಬೇಡದ ಮಣ್ಣೇ ಹನ್ನೊಂದು ಲೋಡಾಯಿತು, ಅಗೆದ ಮಣ್ಣು ಉಬ್ಬುವುದರಿಂದ ವಾಸ್ತವವಾಗಿ ಅದಕ್ಕಿಂತಲೂ ಹೆಚ್ಚು. ಅದನ್ನು ಮರಗಳ ಬುಡಕ್ಕೇ ಒಟ್ಟಿ ಹೋಗುವುದು ಯಂತ್ರದವರ ಪದ್ಧತಿ. ಅಗಲವಾದ ಬಕೆಟ್ಟಿನಿಂದ ಕೆಲಸ ಬೇಗ ಮುಗಿಯುವುದೆಂಬ ವಾದವು ಇಲ್ಲಿ ನಿಲ್ಲುವಂತಿಲ್ಲ. ಅಷ್ಟೇ ಅಲ್ಲದೆ, ಕೈಯ ಬಲವು ಅಷ್ಟೇ ಇದ್ದು ಬಕೆಟ್ಟು ಕಿರಿದಾದಂತೆ ಒಂದೊಂದು ಹಲ್ಲಿಗೂ ಹೆಚ್ಚು ಬಲ ದೊರೆಯುವುದರಿಂದ, ಗಟ್ಟಿ ನೆಲದಲ್ಲಿ ಚಿಕ್ಕ ಯಂತ್ರವು ಕಿರಿದಾದ ಬಕೆಟ್ಟಿನಿಂದಲೇ ಚೆನ್ನಾಗಿ ಅಗೆಯುವುದು.

ಎರಡನೆಯದಾಗಿ ಬೇಕಾದುದು ಹಲ್ಲಿಲ್ಲದ, ನಾಲ್ಕಡಿಯಷ್ಟು ಅಗಲದ, ಆಳ ಕಡಮೆಯಾದ ಬಕೆಟ್ಟು. ಮೂಡಬಿದಿರೆಯಲ್ಲಿ ಹದಿನೆಂಟು ಬಸದಿ, ಹದಿನೆಂಟು ದೇವಸ್ಥಾನ, ಹದಿನೆಂಟು ಕೆರೆಗಳೆಂದು ಹೇಳಿಕೆ ಉಂಟು. ಎಣಿಕೆ ಹೇಗೇ ಇರಲಿ, ಮೂರು ತಾಲೂಕುಗಳಲ್ಲಿಯೂ ಕೆರೆಯಿಲ್ಲದ ಊರು ಅಪರೂಪ. ಕೆರೆಯ ತಳದಲ್ಲಿ ಕಾಲಾನುಕಾಲಕ್ಕೆ ಕೂತ ಜೇಡಿಯ ಪದರವೇ ನೀರನ್ನು ಹಿಡಿದಿಡತಕ್ಕದ್ದು. ಹಲ್ಲಿನ ಬಕೆಟ್ಟು ಹೂಳಿನೊಡನೆ ಆ ಪದರವನ್ನೂ ಸೀಳಿದರೆ, ಆಳ ಹೆಚ್ಚಾದ ಕೆರೆಯು ಮಾಘದಲ್ಲಿಯೇ ಬತ್ತುವುದು. ಹೂಳಿನ ಮೇಲ್ಭಾಗವನ್ನು ಯಾವುದರಿಂದಲಾದರೂ ತೆಗೆಯಬಹುದು, ಕಡೆಯ ಒಂದಡಿಯನ್ನು ಮಾತ್ರ ಹಲ್ಲಿಲ್ಲದ ಬಕೆಟ್ಟಿನಿಂದ ಬಾಚತಕ್ಕದ್ದು. ತೋಡುಗಳ ದಂಡೆಯನ್ನು ಇಳಿಜಾರಾಗಿ ಒತ್ತಿ ನಯಗೊಳಿಸುವುದಕ್ಕೂ, ಕಿಂಡಿ ಅಣೆಕಟ್ಟುಗಳ ಹಿಂದೆ ನಿಂತ ಕೆಸರನ್ನು ತೆಗೆಯುವುದಕ್ಕೂ ಇದೇ ಉತ್ತಮ.

ಇನ್ನು ಮುರಕಲ್ಲಿನ ವಿಷಯ. ಬೆಟ್ಟು ಜಮೀನುಗಳಲ್ಲಿ ಒಂದೆರಡು ಅಡಿ ಅಗೆದೊಡನೆ ಮುರ ಬರುವುದು ನಮ್ಮಲ್ಲಿ ಸಾಮಾನ್ಯ. ಈ ಪ್ರಾಂತ್ಯದಲ್ಲಿಯೂ ಸಂಚರಿಸಿದ್ದ ಫ್ರಾನ್ಸಿಸ್ ಬುಕಾನನ್ ಎಂಬ ವಿದ್ವಾಂಸನು ಮಲಬಾರಿನ ಅಂಗಾಡಿಪುರದಲ್ಲಿ ಇದೇ ಕಲ್ಲನ್ನು ಕಂಡು, ೧೮೦೭ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಅದಕ್ಕೆ ಇಟ್ಟಿಗೆಗಲ್ಲೆಂಬ ಅರ್ಥ ಬರುವಂತೆ ಲ್ಯಾಟರೈಟ್ ಎಂಬ ಹೆಸರಿಟ್ಟನು. ನೆಲದೊಳಗಿರುವಾಗ ಉಳಿಗೆ ಸಿಕ್ಕುವಷ್ಟು ಮೆದುವಾಗಿದ್ದು, ಗಾಳಿ ಬಿಸಿಲು ತಾಗಿದ ಮೇಲೆ ಗಡುಸಾಗುವುದೇ ಇದರ ಗುಣ. ಮುರ ಕಂಡೊಡನೆ ಬ್ರೇಕರ್ ತರಿಸಬೇಕೆಂದು ಹಲವರು ಅವಸರಪಡುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಹೆಚ್ಚಿನ ಕಡೆ ಅದು ಅನಾವಶ್ಯಕ. ಕೊಕ್ಕಿನಂತೆ ಬಾಗಿದ ಒಂಟಿ ಹಲ್ಲು, ಯಂತ್ರದವರು ರಿಪ್ಪರ್ ಎನ್ನುವುದು, ಕೈಯ ಬಲವನ್ನೆಲ್ಲ ಒಂದೇ ಬಿಂದುವಿಗೆ ತಂದು ಹೊಸದಾಗಿ ತೆರೆದ ಮುರವನ್ನು ಸೀಳಿಬಿಡುತ್ತದೆ. ಬಳಿಕ ಬಕೆಟ್ಟಿನಿಂದ ಬಾಚಿದರಾಯಿತು. ಆದರೆ ತೆರೆದ ದಿನವೇ ಮುಗಿಸತಕ್ಕದ್ದು, ಮುಂದಿನ ವರ್ಷಕ್ಕೆ ಬಿಡಬಾರದು. ತೆಂಗಿನ ಗುಂಡಿಯ ತಳದ ಗಡುಸು ಮುರಕ್ಕೆ ಆರು ತಿಂಗಳು ಮುಂಚಿತವಾಗಿ ಎರಡು ಕಿಲೋ ಉಪ್ಪನ್ನು ಹಾಕಿ ಮೆದುಗೊಳಿಸುವ ಕ್ರಮವನ್ನು ಸಂಶೋಧನಾ ಸಂಸ್ಥೆಯೇ ಶಿಫಾರಸು ಮಾಡಿದೆ.

ಕರಿಗಲ್ಲು ಅಡ್ಡಬಂದಲ್ಲಿ ಬ್ರೇಕರ್ ಅಲ್ಲದೆ ಗತಿಯಿಲ್ಲ. ಅದನ್ನು ಕೊಳ್ಳುವುದಕ್ಕಿಂತ ದಿನದ ಬಾಡಿಗೆಗೆ ತರಿಸುವುದು ಮೇಲು. ದೊಡ್ಡ ಯಂತ್ರದ ಬ್ರೇಕರನ್ನು ಚಿಕ್ಕದಕ್ಕೆ ತೊಡಿಸಿದರೆ ಕೈಯು ತೂಕ ತಾಳದೆ ಯಂತ್ರವು ಎಗರುವುದು, ಪಿನ್ನು ಬುಶ್ಶುಗಳು ಸವೆಯುವವು, ಹೈಡ್ರಾಲಿಕ್ ಎಣ್ಣೆಯು ಕಾದು ಪಂಪು ಕೆಡುವುದು. ಬ್ರೇಕರಿನ ತಗಡಿನಲ್ಲಿ ನಿಮಿಷಕ್ಕೆ ಎಷ್ಟು ಲೀಟರು ಎಣ್ಣೆ ಬೇಕೆಂದು ಕೆತ್ತಿರುವ ಸಂಖ್ಯೆಯೂ ಯಂತ್ರದ ಪಂಪು ಕೊಡುವ ಸಂಖ್ಯೆಯೂ ಹೊಂದಬೇಕು. ಉಳಿಯನ್ನು ಕಲ್ಲಿಗೆ ನೆಟ್ಟಗೆ ಇಡತಕ್ಕದ್ದು. ಅದರಿಂದ ಕಲ್ಲನ್ನು ಮೀಟಬಾರದು. ಅರ್ಧ ನಿಮಿಷದೊಳಗೆ ಬಿರುಕು ಕಾಣದಿದ್ದರೆ ಜಾಗ ಬದಲಿಸಬೇಕು.

ಗುಂಡಿ ಕೊರೆಯುವ ಡ್ರಿಲ್ಲು ಬೇಲಿಯ ಕಂಬಕ್ಕೆ ಸರಿ. ಅಡಿಕೆಗೆ ೯೦ ಸೆಂಟಿಮೀಟರಿನ ಚೌಕ ಗುಂಡಿ ಬೇಕೆಂದಿರುವಾಗ ಅದರ ಒಂದೂವರೆ ಅಡಿಯ ದುಂಡು ತೂತು ಸಾಲದು. ಜೇಡಿಮಣ್ಣಿನಲ್ಲಿ ಅದು ಗುಂಡಿಯ ಗೋಡೆಯನ್ನು ಕುಂಬಾರನ ಮಡಕೆಯಂತೆ ನಯವಾಗಿ ಸಾರಿಸಿಬಿಡುವುದರಿಂದ ಮಳೆಯ ನೀರು ಅಲ್ಲಿಯೇ ನಿಂತು ಸಸಿ ಕೊಳೆಯುವ ಭಯವೂ ಉಂಟು.

ಮುಂದಿನ ಬಕೆಟ್ಟಿನ ಬಗ್ಗೆ ಹೇಳತಕ್ಕದ್ದು ಸ್ವಲ್ಪವೇ. ನಡುವೆ ದವಡೆಯಂತೆ ತೆರೆದು ಕಚ್ಚುವ ಬಗೆಯೊಂದಿದೆ. ಅದು ಭಾರವಾದುದು, ಬೆಲೆಯೂ ಹೆಚ್ಚು, ಮತ್ತು ತನ್ನ ಭಾರದಷ್ಟು ಮಣ್ಣನ್ನು ಕಡಮೆ ಎತ್ತುವುದು. ಬಂಟ್ವಾಳದ ಹಿರಿಯರು ೧೯೨೩ರ ಮಾರಿಬೊಳ್ಳದ ಕಥೆಯನ್ನು ಕೇಳಿ ಬೆಳೆದವರು, ೧೯೭೪ರ ನೆರೆಯನ್ನು ಕಣ್ಣಾರೆ ಕಂಡವರು. ೨೦೧೯ರ ಆಗಸ್ಟಿನಲ್ಲಿ ಬೆಳ್ತಂಗಡಿಯ ಘಟ್ಟದ ಬುಡದ ಹಳ್ಳಿಗಳಲ್ಲಿ ಗುಡ್ಡ ಜರಿದು, ತೋಟ ಗದ್ದೆಗಳ ಮೇಲೆ ಮರಳು, ಕಲ್ಲು, ಬೇರುಸಹಿತವಾದ ಮರಗಳು ಬಂದು ಬಿದ್ದವು. ಅಂತಹ ದಿಮ್ಮಿಗಳನ್ನು ಹಿಡಿದೆತ್ತಲು ದವಡೆಯ ಬಕೆಟ್ಟಿಗೆ ಸಮಾನವಾದುದಿಲ್ಲ. ಹೊಳೆಯ ಕರೆಯ ಗ್ರಾಮಗಳಲ್ಲಿ ಸಹಕಾರಿ ಸಂಘವೊಂದು ಇದನ್ನು ಇಟ್ಟುಕೊಂಡಿರುವುದು ವಿವೇಕವೆನಿಸುತ್ತದೆ; ಒಬ್ಬೊಬ್ಬರೂ ಕೊಳ್ಳುವ ಅಗತ್ಯವಿಲ್ಲ.

ಉಪಕರಣವನ್ನು ಕೊಳ್ಳುವಾಗ ಕಣ್ಣಂದಾಜಿಗೆ ಬಿಡಬಾರದು. ಪಿನ್ನಿನ ದಪ್ಪ, ಎರಡು ಪಿನ್ನುಗಳ ನಡುವಣ ದೂರ, ಬಕೆಟ್ಟಿನ ಕಿವಿಗಳ ನಡುವಣ ಅಂತರ, ಈ ಮೂರನ್ನೂ ಅಳೆದು ಬರೆದುಕೊಂಡು ಹೋಗತಕ್ಕದ್ದು. ಪಿನ್ನು ಬಡಿಯದೆ ಕ್ಷಣದಲ್ಲಿ ಬಕೆಟ್ಟು ಬದಲಿಸುವ ಕಪ್ಲರ್ ಎಂಬ ಸಾಧನವು ಕೈಯ ಅಗೆಯುವ ಬಲವನ್ನು ತುಸು ಕುಗ್ಗಿಸಿದರೂ ದಿನಕ್ಕೆ ಎರಡು ಮೂರು ಬಗೆಯ ಕೆಲಸವಿದ್ದಲ್ಲಿ ಅನುಕೂಲವೇ. ಅದರ ರಕ್ಷಣೆಯ ಕೀಲು ಕೂತಿದೆಯೆಂದು ಚಾಲಕನು ಕೆಳಗಿಳಿದು ಪ್ರತಿಸಲವೂ ನೋಡಲೇಬೇಕು. ಕೀಲು ಕೂರದ ಬಕೆಟ್ಟು ಕಣಿಯಲ್ಲಿರುವ ಆಳಿನ ಮೇಲೆ ಬೀಳುವಂತಹದು.

ಗ್ರಾಮದ ಮುಖಂಡರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಮುರದ ಕೆಳಗೆ ನಮ್ಮಲ್ಲಿ ಹಲವೆಡೆ ಶೇಡಿ ಮಣ್ಣು ಇರುವುದು. ಮುರವು ಗೋಡೆಯಂತೆ ನಿಂತೀತು, ಶೇಡಿಯು ನೀರು ಕುಡಿದರೆ ನಿಲ್ಲದು. ವರ್ಷಕ್ಕೆ ಸುಮಾರು ೪,೦೦೦ ಮಿಲಿಮೀಟರು ಮಳೆ ಸುರಿಯುವ ಈ ನಾಡಿನಲ್ಲಿ ಮನೆಯ ಹಿಂದಣ ಗುಡ್ಡವನ್ನು ನೆಟ್ಟಗೆ ಕಡಿದು ಶೇಡಿಯನ್ನು ತೆರೆದಿಡುವುದು ಪ್ರಾಣಕ್ಕೇ ಅಪಾಯ. ಎಷ್ಟು ಒಳ್ಳೆಯ ಉಪಕರಣವಾದರೂ ಅಂತಹ ಕೆಲಸಕ್ಕೆ ಒಳ್ಳೆಯದಾಗಲಾರದು. ಮೆಟ್ಟಿಲುಮೆಟ್ಟಿಲಾಗಿ ಕಡಿದು, ಮೇಲಿನ ನೀರನ್ನು ಬೇರೆಡೆಗೆ ತಿರುಗಿಸಿ, ಹಲ್ಲಿಲ್ಲದ ಬಕೆಟ್ಟಿನಿಂದ ಇಳಿಜಾರನ್ನು ಒತ್ತಿ ಹುಲ್ಲು ಹಿಡಿಸಿದರೆ ಮಾತ್ರ ನಿಲ್ಲುವುದು. ಕುಮ್ಕಿಯಲ್ಲಿ ಯಂತ್ರವಿಳಿಸುವ ಮೊದಲು ದಾಖಲೆಗಳನ್ನು ನೋಡತಕ್ಕದ್ದು. ಎದ್ದ ಮುರಕಲ್ಲನ್ನು ಮಾರುವುದಾದರೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಅನುಮತಿ ಬೇಕು. ಬೈಲು ಗದ್ದೆಯನ್ನು ತೋಟ ಮಾಡುವವರು ಮೇಲಿನ ಅರ್ಧ ಅಡಿ ಮಣ್ಣನ್ನು ಮುಂದಿನ ಬಕೆಟ್ಟಿನಿಂದ ಮೊದಲೇ ಬಾಚಿ ಬದಿಗಿಟ್ಟು, ಕೆಲಸ ಮುಗಿದ ಮೇಲೆ ಪುನಃ ಹರಡಿಸಿಕೊಳ್ಳಬೇಕು; ಅದು ಅಜ್ಜಂದಿರ ಕಾಲದಿಂದ ಗೊಬ್ಬರ ಉಂಡ ಮಣ್ಣು.

ಇಷ್ಟರಲ್ಲಿ ಎರಡನ್ನೇ ಕೊಳ್ಳಲು ಶಕ್ತಿಯಿದ್ದವರು ಒಂದೂವರೆ ಅಡಿಯ ಹಲ್ಲಿನ ಬಕೆಟ್ಟನ್ನೂ ನಾಲ್ಕಡಿಯ ಹಲ್ಲಿಲ್ಲದುದನ್ನೂ ಕೊಳ್ಳಲಿ. ಮೂರನೆಯದಕ್ಕೆ ಹಣವಿದ್ದರೆ ಒಂಟಿ ಹಲ್ಲನ್ನು. ನಾಲ್ಕಾರು ಮನೆಯವರು ಕೂಡಿ ಬಕೆಟ್ಟುಗಳನ್ನು ಮಾತ್ರ ಕೊಂಡು, ಯಂತ್ರವನ್ನು ಬಾಡಿಗೆಗೆ ತರಿಸುವುದೂ ಸಾಧ್ಯ. ಪಿನ್ನಿನ ಅಳತೆ ಹೊಂದುವ ಯಂತ್ರವನ್ನೇ ಗೊತ್ತುಮಾಡಿಕೊಂಡರಾಯಿತು. ಪತ್ತನಾಜೆಯ ಹೊತ್ತಿಗೆ ಕೆಲಸ ಮುಗಿದೊಡನೆ ಬಕೆಟ್ಟುಗಳನ್ನು ತೊಳೆದು, ಸವೆದ ಹಲ್ಲುಗಳನ್ನು ಬದಲಿಸಿ, ಪಿನ್ನಿನ ತೂತುಗಳಿಗೆ ಗ್ರೀಸು ಹಚ್ಚಿ, ಕೊಟ್ಟಿಗೆಯಲ್ಲಿ ಮರದ ತುಂಡುಗಳ ಮೇಲೆ ಕವುಚಿ ಇಡತಕ್ಕದ್ದು. ಅಂಗಳದಲ್ಲಿ ಬಾಯಿ ಮೇಲಾಗಿ ಬಿಟ್ಟರೆ ನಾಲ್ಕು ತಿಂಗಳ ಮಳೆನೀರು ತುಂಬಿ ತುಕ್ಕೂ ಹಿಡಿಯುವುದು, ಸೊಳ್ಳೆಗಳೂ ಹೆಚ್ಚುವವು.