ಹೊರಗೆ ಅದೇ ಪೆಟ್ಟಿಗೆ, ಒಳಗೆ ನಾಲ್ಕು ಕೋರ್

ಉಪ್ಪಾರಪೇಟೆಯ ಓಣಿಯೊಂದರ ರಿಪೇರಿ ಅಂಗಡಿಯಲ್ಲಿ ಲ್ಯಾಪ್‌ಟಾಪ್ ಕೈಗಿತ್ತರೆ ಹುಡುಗ ಮೊದಲು ಮಾಡುವ ಕೆಲಸ ಅದನ್ನು ಮಗುಚಿ ಹಾಕುವುದು. ಪರದೆ, ಬಣ್ಣ, ಹೊಳಪು ಎಲ್ಲ ಆಮೇಲೆ. ಬೆನ್ನು ನೋಡಿ ಜಾತಕ ಹೇಳುತ್ತಾನೆ. ನನ್ನ ಥಿಂಕ್‌ಪ್ಯಾಡನ್ನು ಮಗುಚಿ, ಚೀಟಿಯ ಮೇಲಿನ ಸಣ್ಣ ಅಕ್ಷರ ಓದಿ, "ಟಿ480, ಎಂಟನೇ ಜನರೇಶನ್. ಇದಕ್ಕೆ ಇನ್ನೂ ಆಯಸ್ಸಿದೆ" ಅಂದ.

ಆಮೇಲೆ ಅವನ ಕೈ ನೋಡುತ್ತ ನಿಂತೆ. ಬಯಾಸ್‌ಗೆ ಹೋಗಿ ಒಳಗಿನ ಬ್ಯಾಟರಿಯನ್ನು ಆರಿಸಿದ. ಎರಡು ಚಿಲಕ ಸರಿಸಿ ಹೊರಗಿನ ಬ್ಯಾಟರಿ ಕಳಚಿಟ್ಟ. ಆರು ಸ್ಕ್ರೂ ಸಡಿಲಿಸಿದ. ಒಂದೂ ಕೆಳಗೆ ಬೀಳಲಿಲ್ಲ. ಮುಚ್ಚಳದಲ್ಲೇ ಸಿಕ್ಕಿಕೊಂಡಿರುವ ಹಾಗೆ ಅವನ್ನು ಮಾಡಿದ್ದಾರೆ. ತೆಳು ಪ್ಲಾಸ್ಟಿಕ್ ಪಟ್ಟಿಯೊಂದನ್ನು ಅಂಚಿಗೆ ತೂರಿಸಿ ಮುಚ್ಚಳ ಎಬ್ಬಿಸಿದರೆ ಒಳಗೆ ರ‍್ಯಾಮ್ ಕೂರಲು ಎರಡು ಸ್ಲಾಟ್. ಒಂದರಲ್ಲಿ 8 ಜಿಬಿ ಇತ್ತು, ಇನ್ನೊಂದು ಖಾಲಿ. ಹೊಸ ಪಟ್ಟಿಯನ್ನು ಓರೆಯಾಗಿ ತೂರಿಸಿ ಹೆಬ್ಬೆರಳಲ್ಲಿ ಒತ್ತಿದ. ಎರಡು ಬದಿಯ ಲೋಹದ ತೋಳುಗಳು ಟಕ್ ಎಂದು ಹಿಡಿದುಕೊಂಡವು. 8 ಇದ್ದದ್ದು 16 ಆಯಿತು.

ಉಪ್ಪು ಮಾಡುತ್ತಿದ್ದ ಸಮುದಾಯದ ಹೆಸರು ಹೊತ್ತ ಪೇಟೆಯಿದು. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಕುಂಬಾರಪೇಟೆ ಎಂದು ಕಸುಬಿಗೊಂದು, ಸರಕಿಗೊಂದು ಬೀದಿ ಕಟ್ಟಿಕೊಂಡ ಹಳೇ ಬೆಂಗಳೂರಿಗೆ ಈ ಕಾಲದ ಸರಕು ಎಲೆಕ್ಟ್ರಾನಿಕ್ಸ್. ಮೆಜೆಸ್ಟಿಕ್ ಪಕ್ಕದ ನ್ಯಾಷನಲ್ ಮಾರ್ಕೆಟ್, ವಿದ್ಯುತ್ ಸಾಮಾನಿಗೆ ಹೆಸರಾದ ಬಿ.ವಿ.ಕೆ. ಅಯ್ಯಂಗಾರ್ ರಸ್ತೆ, ಅವೆನ್ಯೂ ರಸ್ತೆ ದಾಟಿ ಪೂರ್ವಕ್ಕೆ ನಡೆದರೆ ಕಂಪ್ಯೂಟರಿನ ಬಿಡಿಭಾಗಕ್ಕೇ ಮೀಸಲೆಂಬಂತಿರುವ ಎಸ್.ಪಿ. ರಸ್ತೆ. ಈ ಪಟ್ಟಿಯಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೇಳಿದವರಿಗೆ ಎದುರಾಗುವ ಪ್ರಶ್ನೆ, "ಎಷ್ಟನೇ ಜನರೇಶನ್ ಬೇಕು?" ಎಂಬುದು. ಅಂದರೆ ಒಳಗಿನ ಇಂಟೆಲ್ ಪ್ರೊಸೆಸರಿನ ಪೀಳಿಗೆ ಎಷ್ಟನೆಯದು ಎಂದು. ಬೇಕಾದ್ದು ಎಂಟನೆಯದು ಅಥವಾ ಅದಕ್ಕಿಂತ ಮೇಲಿನದು. ಏಳು ಎಂದರೆ ಗಿರಾಕಿಯ ಮುಖ ಸಪ್ಪಗಾಗುತ್ತದೆ. ಏಳಕ್ಕೂ ಎಂಟಕ್ಕೂ ನಡುವೆ ಇಂಥ ಗೆರೆ ಬಿದ್ದದ್ದು ಹೇಗೆ? ಬಂದಾಗ ಯಾರೂ ಹಬ್ಬ ಮಾಡದ ಸಣ್ಣ ಸುಧಾರಣೆಯೊಂದರ ಕಥೆ ಅದು.

ಆ ಕಥೆಯ ಬೇರು ಇರುವುದು 1992ರಲ್ಲಿ. 1978ರಲ್ಲಿ ಭಾರತ ಬಿಟ್ಟು ಹೋಗಿದ್ದ ಐಬಿಎಂ, ಆ ವರ್ಷ ಟಾಟಾ ಜೊತೆಗೂಡಿ ಮತ್ತೆ ಬಂದು ಬೆಂಗಳೂರಿನಲ್ಲಿ ಕಚೇರಿ ತೆರೆಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಅದರ ಥಿಂಕ್‌ಪ್ಯಾಡ್ 700ಸಿ ಬಿಡುಗಡೆಯಾಯಿತು. ಬೆಲೆ 4,350 ಡಾಲರ್. ಜರ್ಮನಿಯಲ್ಲಿ ಹುಟ್ಟಿ ಇಟಲಿಯಲ್ಲಿ ನೆಲೆಸಿದ್ದ ವಿನ್ಯಾಸಕ ರಿಚರ್ಡ್ ಸ್ಯಾಪರ್ ಅದಕ್ಕೆ ಅಲಂಕಾರವಿಲ್ಲದ ಕಪ್ಪು ಪೆಟ್ಟಿಗೆಯ ರೂಪ ಕೊಟ್ಟರು. ಕಟ್ಟಿದ್ದು ಜಪಾನಿನ ಯಮಾಟೊ ಪ್ರಯೋಗಾಲಯ. ಕೀಲಿಮಣೆಯ ನಡುವೆ ಜಿ, ಎಚ್, ಬಿ ಕೀಲಿಗಳ ಸಂದಿಯಲ್ಲಿ ಕೂತ ಕೆಂಪು ಗುಬುಟು ಟೆಡ್ ಸೆಲ್ಕರ್ ಅವರ ಸಂಶೋಧನೆಯ ಫಲ: ಟೈಪಿಸುವವರ ಕೈ ಮೌಸ್ ಹುಡುಕಿಕೊಂಡು ಹೋಗಿ ಬರುವ ಹೊತ್ತು ಉಳಿಯಬೇಕು ಎಂಬುದು ಅದರ ಉದ್ದೇಶ.

ಕೆಲಸಗಾರನ ಕೈಯಿಂದ ಹೊರಟ ಈ ಆಲೋಚನೆಯೇ ಆ ಯಂತ್ರಕ್ಕೆ ನಿಷ್ಠಾವಂತರನ್ನು ತಂದಿತು. ನಿಷ್ಠಾವಂತರು ಸುಮ್ಮನಿರುವವರಲ್ಲ. 2005ರಲ್ಲಿ ಐಬಿಎಂನ ಪಿಸಿ ವಿಭಾಗ ಚೀನಾದ ಲೆನೊವೊ ಕಂಪನಿಯ ಪಾಲಾಯಿತು. ಭಾರತದಲ್ಲಿ ಅದರ ಮುಖ್ಯ ಕಚೇರಿ ಇರುವುದೂ ಬೆಂಗಳೂರಿನಲ್ಲೇ. 2012ರಲ್ಲಿ ಹಳೆಯ ಏಳು ಸಾಲಿನ ಕೀಲಿಮಣೆ ಹೋಗಿ ಬಿಡಿಬಿಡಿ ಕೀಲಿಗಳ ಆರು ಸಾಲು ಬಂತು. ಬಳಕೆದಾರರು ಸಿಡಿದೆದ್ದರು. ಮರುವರ್ಷ ಟಿ440 ಮಾದರಿಯಲ್ಲಿ ಕೆಂಪು ಗುಬುಟಿನ ಕೆಳಗಿದ್ದ ಮೂರು ಗುಂಡಿಗಳೇ ಮಾಯವಾಗಿ, ಟಚ್‌ಪ್ಯಾಡಿನ ಮೇಲಂಚನ್ನೇ ಒತ್ತಬೇಕಾಯಿತು. ಆಕ್ಷೇಪ ಇನ್ನೂ ಜೋರಾಯಿತು. ಕಂಪನಿ ಕಿವಿಗೊಟ್ಟಿತು. 2015ರ ಟಿ450ರಲ್ಲಿ ಗುಂಡಿಗಳು ಮರಳಿದವು. ಆ ವರ್ಷವೇ ವಿನ್ಯಾಸ ವಿಭಾಗದ ಮುಖ್ಯಸ್ಥ ಡೇವಿಡ್ ಹಿಲ್, ಹಳೆಯ ಥಿಂಕ್‌ಪ್ಯಾಡ್ ಮತ್ತೆ ಮಾಡಿದರೆ ಅದರಲ್ಲಿ ಏನೇನಿರಬೇಕು ಎಂದು ಬಳಕೆದಾರರನ್ನೇ ಕೇಳಿದರು. 25 ವರ್ಷ ತುಂಬಿದ 2017ರಲ್ಲಿ ಏಳು ಸಾಲಿನ ಕೀಲಿಮಣೆಯ ವಿಶೇಷ ಆವೃತ್ತಿ ಬಂತು. ಅದರ ಒಡಲು ಮಾತ್ರ ಆ ಕಾಲದ ಟಿ470ರದ್ದೇ.

ಕೆಲಸದ ಯಂತ್ರದ ಬಗ್ಗೆ ಇಂಥ ಜಗಳ ಬೇರೆ ಕಡೆಯೂ ನಡೆಯಿತು. 2016ರ ಅಕ್ಟೋಬರ್‌ನಲ್ಲಿ ಆಪಲ್ ಹೊಸ ಮ್ಯಾಕ್‌ಬುಕ್ ಪ್ರೊ ತಂದಾಗ ಕೀಲಿಮಣೆಯ ಮೇಲ್ಸಾಲಿನ ಜಾಗಕ್ಕೆ ಸ್ಪರ್ಶಪಟ್ಟಿ ಬಂದಿತ್ತು, ಎಸ್‌ಡಿ ಕಾರ್ಡಿನ ಕಿಂಡಿ ಹೋಗಿತ್ತು, ರ‍್ಯಾಮ್ 16 ಜಿಬಿಗೇ ನಿಂತಿತ್ತು. ಛಾಯಾಗ್ರಾಹಕರು, ಸಿನಿಮಾ ಸಂಕಲನಕಾರರು ಬೇಸರ ತೋಡಿಕೊಂಡರು. ಕಾರ್ಡಿನ ಕಿಂಡಿ, ಎಚ್‌ಡಿಎಂಐ ಕಿಂಡಿ ಎರಡೂ ವಾಪಸ್ಸಾಗಲು 2021ರವರೆಗೆ ಕಾಯಬೇಕಾಯಿತು. ಯಂತ್ರದಿಂದ ಅನ್ನ ಹುಟ್ಟಿಸಿಕೊಳ್ಳುವವರ ದೂರನ್ನು ಹಟವೆಂದು ತಳ್ಳಿಹಾಕಬಾರದು. ಬಡಗಿಯ ಉಳಿಯ ಹಿಡಿ ಬದಲಾದರೆ ಮೊದಲು ತಿಳಿಯುವುದು ಬಡಗಿಯ ಅಂಗೈಗೆ.

ಈ ಗದ್ದಲದ ನಡುವೆ 2018ರ ಜನವರಿಯಲ್ಲಿ ಟಿ480 ಬಂದಿತು. ಟಿ470ರ ಪಕ್ಕದಲ್ಲಿಟ್ಟರೆ ಗುರುತು ಹಿಡಿಯುವುದೇ ಕಷ್ಟ. ಅದೇ ಪೆಟ್ಟಿಗೆ, ಅದೇ ಕೀಲಿಮಣೆ, ಅದೇ ಎರಡು ಬ್ಯಾಟರಿ. ಪೂರ್ಣ ಎಚ್‌ಡಿ ಪರದೆಯ ಬೆಳಕು 250 ನಿಟ್ಸ್ ಮಾತ್ರ; ಕಿಟಕಿ ಪಕ್ಕ ಕೂತರೆ ಮಂಕಾಗುತ್ತಿತ್ತು. ಹೊಸತೆಂದರೆ ಒಳಗಿನ ಪ್ರೊಸೆಸರ್. ಎಎಂಡಿ ಕಂಪನಿಯ ರೈಜೆನ್ 2017ರಲ್ಲಿ ಮಾರುಕಟ್ಟೆಗೆ ಇಳಿದು ಪೈಪೋಟಿ ಬಿಸಿಯಾದ ಕಾಲ ಅದು. ಆ ವರ್ಷದ ಆಗಸ್ಟ್‌ನಲ್ಲಿ ಇಂಟೆಲ್ ತನ್ನ ಎಂಟನೇ ಪೀಳಿಗೆಯ ಲ್ಯಾಪ್‌ಟಾಪ್ ಪ್ರೊಸೆಸರ್ ಪ್ರಕಟಿಸಿತು. ಇದೇ ವರ್ಗದ ಹಿಂದಿನ ಪ್ರೊಸೆಸರುಗಳಲ್ಲಿ ಎರಡು ಕೋರ್ ಇದ್ದರೆ ಇದರಲ್ಲಿ ನಾಲ್ಕು. ವಿದ್ಯುತ್ತಿನ ಲೆಕ್ಕ ಮಾತ್ರ ಮೊದಲಿನ 15 ವ್ಯಾಟ್‌ನಲ್ಲೇ ಉಳಿಯಿತು. ಎರಡು ಎತ್ತಿನ ಮೇವಿನಲ್ಲಿ ನಾಲ್ಕು ಎತ್ತು ಹೂಡಿದ ಹಾಗೆ.

ಆ ಸಾದಾ ಪೆಟ್ಟಿಗೆಯಲ್ಲಿ ಇನ್ನೊಂದು ಗುಣವೂ ಇತ್ತು. ಆಗ ಅದನ್ನು ಗುಣವೆಂದು ಯಾರೂ ಎಣಿಸಿರಲಿಲ್ಲ. ಅದನ್ನು ಬಿಚ್ಚಬಹುದಿತ್ತು. ರ‍್ಯಾಮ್‌ಗೆ ಎರಡು ಸ್ಲಾಟ್. ಬದಲಿಸಬಹುದಾದ ಡಿಸ್ಕ್. ಒಳಗೆ 24 ವ್ಯಾಟ್-ಅವರ್‌ನ ಪುಟ್ಟ ಬ್ಯಾಟರಿ. ಹೊರಗೆ 24, 48 ಅಥವಾ 72ರದ್ದು ಸಿಕ್ಕಿಸಬಹುದು. ಕೆಲಸ ನಡೆಯುತ್ತಿರುವಾಗಲೇ ಹೊರಗಿನದನ್ನು ಕಿತ್ತು ಬೇರೊಂದು ಹಾಕಬಹುದು, ಯಂತ್ರ ಆರುವುದಿಲ್ಲ. ಕೀಲಿಮಣೆ ಕೂತಿರುವುದು ಎರಡು ಸ್ಕ್ರೂಗಳ ಮೇಲೆ.

ಕನ್ನಡ ಟೈಪಿಸಿ ಬದುಕುವ ನನಗೆ ಈ ಕೊನೆಯದು ದೊಡ್ಡ ಮಾತು. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ನುಡಿ ತಂತ್ರಾಂಶ ಬಳಸುವವರಿಗೆಲ್ಲ ಗೊತ್ತಿರುವ ಕೀಲಿಮಣೆಯಲ್ಲಿ ಅರ್ಧಾಕ್ಷರ ಬರುವುದು ಎಫ್ ಕೀಲಿಯಿಂದ. ಅಕ್ಕ, ಅಣ್ಣ, ಅಮ್ಮ, ಯಾವ ಒತ್ತಕ್ಷರ ಬರೆಯಬೇಕಾದರೂ ನಡುವೆ ಅದನ್ನು ಒತ್ತಲೇಬೇಕು. ಆರು ವರ್ಷದ ದುಡಿಮೆಯಲ್ಲಿ ನನ್ನ ಎಫ್ ಕೀಲಿಯ ಅಕ್ಷರ ಅಳಿಸಿ, ಉಬ್ಬುಗೆರೆ ನುಣ್ಣಗಾಗಿ, ಕೊನೆಗೆ ಎರಡು ಸಲ ಒತ್ತಿದರೆ ಒಂದು ಸಲ ಮೂಡುತ್ತಿತ್ತು. 'ಕನ್ನಡ' ಎಂದು ಬರೆಯಹೋದರೆ 'ಕನನಡ' ಆಗುತ್ತಿತ್ತು. ಇದಕ್ಕೆ ಮೊದಲು ನನ್ನಲ್ಲಿದ್ದ ಬೇರೊಂದು ಲ್ಯಾಪ್‌ಟಾಪಿಗೆ ಇದೇ ತೊಂದರೆ ಬಂದಾಗ, ಮೇಲ್ಭಾಗವನ್ನೇ ಇಡಿಯಾಗಿ ಬದಲಿಸಬೇಕು, ಅದರ ಬದಲು ಹೊಸದನ್ನೇ ಕೊಳ್ಳಿ ಎಂಬ ಸಲಹೆ ಸಿಕ್ಕಿತ್ತು. ಉಪ್ಪಾರಪೇಟೆಯ ಹುಡುಗ ಈ ಯಂತ್ರದ ಎರಡು ಸ್ಕ್ರೂ ತೆಗೆದು, ಕೀಲಿಮಣೆಯನ್ನು ಜಾರಿಸಿ ಎತ್ತಿ, ಬೇರೊಂದು ಕೂರಿಸಿದ. ಚಹಾ ಆರುವುದರೊಳಗೆ ಒತ್ತಕ್ಷರಗಳು ಮರಳಿದವು.

2019ರಲ್ಲಿ ಮುಂದಿನ ಮಾದರಿ ಟಿ490 ಬಂದಾಗ ಹೊರಬ್ಯಾಟರಿ ಇರಲಿಲ್ಲ. ರ‍್ಯಾಮ್‌ನಲ್ಲಿ ಒಂದು ಭಾಗ ಬೋರ್ಡಿಗೇ ಬೆಸುಗೆಯಾಗಿ, ಉಳಿದದ್ದು ಒಂದೇ ಸ್ಲಾಟ್. ಬದಲಿಗೆ ದಕ್ಕಿದ್ದು ಸುಮಾರು ಎರಡು ಮಿಲಿಮೀಟರಿನ ತೆಳುತನ. ಕೆಲವು ಯಂತ್ರಗಳಲ್ಲಿ ಬೆಸುಗೆಗೂ ಕಾರಣವಿದೆ. ಕಡಿಮೆ ವಿದ್ಯುತ್ ಕುಡಿಯುವ ವೇಗದ ಮೆಮೊರಿ ಪ್ರೊಸೆಸರಿನ ಮಗ್ಗುಲಲ್ಲೇ ಇರಬೇಕು. ನಡುವಿನ ದಾರಿ ಉದ್ದವಾದರೆ ಸಂಕೇತ ಕೆಡುತ್ತದೆ. ಆದರೆ ಕೊಂಡವನ ಕೈ ಅಲ್ಲಿಗೆ ಕಟ್ಟಿಹೋಗುತ್ತದೆ. ಕೊಳ್ಳುವ ದಿನವೇ ಐದಾರು ವರ್ಷದ ಅಗತ್ಯ ಊಹಿಸಿ ಅಷ್ಟಕ್ಕೂ ದುಡ್ಡು ತೆರಬೇಕು. ಸಾಲದೆ ಬಂದರೆ ಇಡೀ ಯಂತ್ರವನ್ನೇ ಬಿಡಬೇಕು.

ಏಳು ಮತ್ತು ಎಂಟರ ನಡುವೆ ನಿಜವಾದ ಗೆರೆ ಎಳೆದದ್ದು ಮೈಕ್ರೋಸಾಫ್ಟ್. 2021ರ ಜೂನ್‌ನಲ್ಲಿ ಅದು ವಿಂಡೋಸ್ 11 ಪ್ರಕಟಿಸಿ, ಭದ್ರತೆಯ ಕಾರಣ ಕೊಟ್ಟು, ಕೆಲವೇ ಅಪವಾದ ಬಿಟ್ಟರೆ ಇಂಟೆಲ್‌ನ ಎಂಟನೇ ಪೀಳಿಗೆಗಿಂತ ಹಳೆಯ ಪ್ರೊಸೆಸರುಗಳನ್ನು ಹೊರಗಿಟ್ಟಿತು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಒಂದೇ ಪೆಟ್ಟಿಗೆಯಲ್ಲಿ ಒಂದು ವರ್ಷದ ಅಂತರದಲ್ಲಿ ಹುಟ್ಟಿದ ಅಣ್ಣ ತಮ್ಮಂದಿರಲ್ಲಿ ಅಣ್ಣ ಟಿ470 ಹೊಸಿಲಾಚೆ ನಿಂತ. ತಮ್ಮ ಟಿ480 ಒಳಗೆ ಬಂದ. 2018ರಲ್ಲಿ ಸಣ್ಣದೆನಿಸಿದ ಹೆಜ್ಜೆ, ಯಾವ ಯಂತ್ರ ಮೇಜಿನ ಮೇಲೆ ಉಳಿಯಬೇಕು, ಯಾವುದು ಕಸಕ್ಕೆ ಹೋಗಬೇಕು ಎಂಬುದನ್ನೇ ನಿರ್ಧರಿಸಿತು.

ಪೇಟೆಗೆ ಟಿ480 ಬಂದ ಹೊತ್ತೂ ಸರಿಯಾಗಿತ್ತು. ದೊಡ್ಡ ಕಂಪನಿಗಳು ನೌಕರರ ಲ್ಯಾಪ್‌ಟಾಪನ್ನು ಮೂರು ನಾಲ್ಕು ವರ್ಷಕ್ಕೊಮ್ಮೆ ಬದಲಿಸುತ್ತವೆ. ಹಳೆಯವು ಲಾಟ್‌ನಲ್ಲಿ ಕೈ ಬದಲಾಯಿಸಿ, ಒರೆಸಿಕೊಂಡು, ಹೊಸ ಡಿಸ್ಕ್ ಹಾಕಿಸಿಕೊಂಡು ಅಂಗಡಿಯ ಅಟ್ಟಕ್ಕೆ ಬರುತ್ತವೆ. ಪೇಟೆಯ ಮಾತಲ್ಲಿ ಅದು 'ಕಂಪನಿ ಮಾಲು'. ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡದಲ್ಲಿ ದುಡಿದ ಯಂತ್ರ ಹೀಗೆ ಡಿಪ್ಲೊಮಾ ಓದುವ ಹುಡುಗಿಯ ಚೀಲ ಸೇರುತ್ತದೆ, ಡಿಟಿಪಿ ಮಾಡುವವರ ಮೇಜಿಗೆ ಹೋಗುತ್ತದೆ. ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕ ಮತ್ತೊಬ್ಬ ಓದುಗರನ್ನು ಕಂಡುಕೊಳ್ಳುವ ಕ್ರಮವೇ ಇಲ್ಲಿಯೂ. ಪುಸ್ತಕಕ್ಕೆ ರಟ್ಟು ಕಟ್ಟಬಹುದಾದ್ದರಿಂದ ಅದು ಎರಡನೇ ಕೈಗೆ ಗಟ್ಟಿಯಾಗಿ ಸಿಗುತ್ತದೆ. ಲ್ಯಾಪ್‌ಟಾಪಿಗೆ ಸ್ಕ್ರೂ ಬಿಚ್ಚಲು ಬರಬೇಕು, ಅಷ್ಟೇ.

ಕೊನೆಗೂ ದೂಳು ಹಿಡಿದದ್ದನ್ನು ಏನು ಮಾಡುವುದೆಂಬ ಚಿಂತೆ ಈ ನಾಡಿಗೆ ಹೊಸತಲ್ಲ. ಇ-ತ್ಯಾಜ್ಯವನ್ನು ಕ್ರಮಬದ್ಧವಾಗಿ ಸಂಸ್ಕರಿಸುವ ದೇಶದ ಮೊದಲ ಘಟಕಗಳಲ್ಲೊಂದಾದ ಇ-ಪರಿಸರ ಶುರುವಾದದ್ದು ಬೆಂಗಳೂರಿನ ಹೊರಗೆ, ದಾಬಸ್‌ಪೇಟೆಯಲ್ಲಿ. ಆದರೆ ಅಲ್ಲಿಗೆ ಹೋಗುವುದನ್ನು ನಾಲ್ಕು ವರ್ಷ ಮುಂದೂಡುವುದು ಇನ್ನೂ ಒಳ್ಳೆಯದು. ಆ ಕೆಲಸ ಮಾಡುತ್ತಿರುವವರು ಉಪ್ಪಾರಪೇಟೆಯ, ಎಸ್.ಪಿ. ರಸ್ತೆಯ ಸ್ಕ್ರೂಡ್ರೈವರ್ ಹಿಡಿದ ಕೈಗಳು. ಪರಿಸರದ ಬಗ್ಗೆ ಭಾಷಣ ಮಾಡದೆ ಅವರು ಮಾಡುತ್ತಿರುವುದು ಪರಿಸರದ ಕೆಲಸವೇ.

ಈಗ ಗಾಳಿ ಸ್ವಲ್ಪ ತಿರುಗಿದೆ. 2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ರಚಿಸಿತು. ಡಿಸೆಂಬರ್ 24ರಂದು ಅದಕ್ಕಾಗಿ ಪೋರ್ಟಲ್ ತೆರೆಯಿತು. ಸಣ್ಣ ಯಂತ್ರಗಳ ಬ್ಯಾಟರಿಯನ್ನು ಬಳಕೆದಾರನೇ ತೆಗೆಯುವಂತಿರಬೇಕು ಎಂಬ ಐರೋಪ್ಯ ಒಕ್ಕೂಟದ ನಿಯಮ 2027ರ ಫೆಬ್ರುವರಿಯಿಂದ ಜಾರಿ. 2024ರಲ್ಲಿ ಬಂದ ಥಿಂಕ್‌ಪ್ಯಾಡ್ ಟಿ14ರ ಐದನೇ ಪೀಳಿಗೆಯಲ್ಲಿ ಎರಡು ರ‍್ಯಾಮ್ ಸ್ಲಾಟ್ ಮರಳಿವೆ. ರಿಪೇರಿಯ ಸುಲಭತೆಗೆ ಅಂಕ ಕೊಡುವ ಐಫಿಕ್ಸಿಟ್ ಸಂಸ್ಥೆ ಅದಕ್ಕೆ ಹತ್ತಕ್ಕೆ ಒಂಬತ್ತು ಕೊಟ್ಟಿತು. ವೇಗದ ಮೆಮೊರಿಯನ್ನೂ ಸ್ಕ್ರೂ ಬಿಚ್ಚಿ ಬದಲಿಸಬಹುದಾದ ಹೊಸ ಮಾದರಿಯ ಪಟ್ಟಿ ಅದೇ ವರ್ಷ ಥಿಂಕ್‌ಪ್ಯಾಡ್ ಪಿ1ರಲ್ಲಿ ಬಂದಿದೆ. ಬೆಸುಗೆಯೊಂದೇ ದಾರಿ ಎಂಬ ವಾದ ಇನ್ನು ಮೊದಲಿನಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ. ಇದರಲ್ಲಿ ಹನ್ನೆರಡು ವರ್ಷ ಬಿಡದೆ ದೂರಿದ ಬಳಕೆದಾರರ ಪಾಲೂ ಇದೆ.

ಆದ್ದರಿಂದ ಹೊಸ ಮಾದರಿ ಬಂದಾಗ "ಇಷ್ಟೇನಾ?" ಎಂದು ಮೂಗು ಮುರಿಯುವ ಮೊದಲು ಒಮ್ಮೆ ನಿಲ್ಲೋಣ. ಕೆಲಸದ ಯಂತ್ರಕ್ಕೆ ಪ್ರತಿವರ್ಷ ಹೊಸ ಮುಖ ಬೇಕಿಲ್ಲ. ಕೈಗೆ ಒಗ್ಗಿದ್ದು ಹಾಗೇ ಉಳಿದು ಒಳಗಿನ ಬಲ ಹೆಚ್ಚಿದರೆ ಅದೇ ದೊಡ್ಡ ಸುಧಾರಣೆ. ಓದುಗರಲ್ಲಿ ಒಂದು ವಿನಂತಿ: ಮುಂದಿನ ಸಲ ಲ್ಯಾಪ್‌ಟಾಪ್ ಕೊಳ್ಳುವಾಗ, ಮಾಲ್‌ನಲ್ಲಾಗಲಿ ಪೇಟೆಯಲ್ಲಾಗಲಿ, ಮೂರು ಪ್ರಶ್ನೆ ಕೇಳಿ. ರ‍್ಯಾಮ್ ಹೆಚ್ಚಿಸಬಹುದೇ? ಬ್ಯಾಟರಿ ಬದಲಿಸಬಹುದೇ? ಕೀಲಿಮಣೆ ಬಿಡಿಯಾಗಿ ಸಿಗುತ್ತದೆಯೇ? ಪರದೆಯ ಹೊಳಪು ಆಮೇಲೆ ನೋಡಿದರಾಯಿತು. ಮೊದಲು ಅದನ್ನು ಮಗುಚಿ ಹಾಕಿ.