ರೆಕಾರ್ಡ್ ಬಟನ್ ಒತ್ತೋ ಮುಂಚೆ: ಮೊಬೈಲ್ ಕ್ಯಾಮೆರಾ, ಎಡಿಟಿಂಗ್‌ನ ಮೊದಲ ಪಾಠ

ಇವತ್ತಿನ ಸಂಚಿಕೆ ಮೊಬೈಲ್‌ನಲ್ಲಿ ವಿಡಿಯೊ ಮಾಡೋ ಎಲ್ಲರಿಗೂ. ಸಿನಿಮಾ ತರಗತಿಗೆ ಸೇರಿದ ಹೊಸದರಲ್ಲಿ ನಾನು ಮಾಡಿದ ಒಂದು ಎಡವಟ್ಟಿನಿಂದ ಶುರು ಮಾಡ್ತೀನಿ.

ಮೊದಲ ಅಸೈನ್‌ಮೆಂಟ್ ಸರಳವಾಗಿತ್ತು: ಕೆಲಸದಲ್ಲಿ ತೊಡಗಿರುವ ಒಬ್ಬರ ಬಗ್ಗೆ ಒಂದು ನಿಮಿಷದ ಚಿತ್ರ. ಅದೇ ವಾರ ನಮ್ಮ ಬೀದಿಗೆ ಕಲಾಯಿ ಹಾಕೋ ಅಜ್ಜ ಬಂದಿದ್ದರು. ಹಿತ್ತಾಳೆ ಪಾತ್ರೆಯ ಒಳಗೆ ತವರದ ಲೇಪ ಕೊಡೋದೇ ಕಲಾಯಿ. ಕಾದ ಪಾತ್ರೆಗೆ ನವಸಾಗರದ ಪುಡಿ ಬಿದ್ದ ಕೂಡಲೇ ಬಿಳಿ ಹೊಗೆ ಏಳುತ್ತೆ, ತವರ ಕರಗುತ್ತೆ, ಬಟ್ಟೆಯಿಂದ ಒಂದು ಸುತ್ತು ಒರೆಸಿದರೆ ಒಳಗೆಲ್ಲ ಬೆಳ್ಳಿಯ ಹೊಳಪು! ನಾನು ಸುತ್ತಲೂ ಓಡಾಡಿ 40 ಕ್ಲಿಪ್ ತೆಗೆದೆ. ಎಡಿಟಿಂಗ್‌ಗೆ ಕೂತಾಗ ಬಳಸೋಕೆ ಬಂದಿದ್ದು ಒಂದೇ ಒಂದು. ಅದು ಯಾವುದು ಅಂತ ಕೊನೆಗೆ ಹೇಳ್ತೀನಿ.

ಮೇಷ್ಟ್ರು ಎಲ್ಲವನ್ನೂ ನೋಡಿ ಇಷ್ಟೇ ಅಂದರು: "ರೆಕಾರ್ಡ್ ಬಟನ್ ಒತ್ತೋ ಮುಂಚೆನೇ ಎಡಿಟಿಂಗ್ ಶುರುವಾಗಿರಬೇಕು ಕಣಯ್ಯ."

ಹಾಗಂದ್ರೇನು? ಮೊದಲನೆಯದು, ಶಾಟ್ ಹಿಡಿಯೋದು. ನನ್ನ ಕ್ಲಿಪ್‌ಗಳೆಲ್ಲ ಎರಡು-ಮೂರು ಸೆಕೆಂಡಿನವು, ಅದರಲ್ಲೂ ಅರ್ಧ ಅಲುಗಾಟ. ಒಂದು ಕಡೆ ನಿಂತು, ಮೊಣಕೈ ಎರಡನ್ನೂ ಪಕ್ಕೆಗೆ ಒತ್ತಿ, ಮನಸ್ಸಲ್ಲೇ ಹತ್ತು ಎಣಿಸಿ. ಆಮೇಲೆ ಜಾಗ ಬದಲಿಸಿ. ಇಡೀ ಜಾಗ ಕಾಣೋ ಒಂದು ವೈಡ್ ಶಾಟ್, ಅಜ್ಜನ ಸೊಂಟದ ಮೇಲಿನದೊಂದು, ಕೈಗಳ ಕ್ಲೋಸ್‌ಅಪ್, ಮುಖದ್ದು, ಕೊನೆಗೆ ಹೊಳೆಯೋ ಪಾತ್ರೆ. ಒಂದೇ ಅಳತೆಯ, ಒಂದೇ ಕೋನದ ಎರಡು ಶಾಟ್ ಅಂಟಿಸಿದರೆ ಚಿತ್ರ ಎಗರಿದ ಹಾಗೆ ಕಾಣುತ್ತೆ. ಎರಡೂ ಚೆನ್ನಾಗಿ ಬದಲಾದರೆ ಕಟ್ ಕಣ್ಣಿಗೆ ಚುಚ್ಚಲ್ಲ.

ಎರಡನೆಯದು, ಬೆಳಕು. ಬಿಳಿ ಹೊಗೆ ಎದ್ದಾಗಲೆಲ್ಲ ನನ್ನ ಮೊಬೈಲ್ 'ಬೆಳಕು ಜಾಸ್ತಿ ಆಯ್ತು' ಅಂದ್ಕೊಂಡು ಅಜ್ಜನ ಮುಖವನ್ನೇ ಕಪ್ಪು ಮಾಡಿತ್ತು. ಇದಕ್ಕೆ ಮದ್ದು ಸುಲಭ. ಬಹುತೇಕ ಫೋನ್‌ಗಳಲ್ಲಿ ಪರದೆಯ ಮೇಲೆ ಮುಖವನ್ನು ಒತ್ತಿ ಹಿಡಿದರೆ ಫೋಕಸ್, ಎಕ್ಸ್‌ಪೋಷರ್ ಎರಡೂ ಲಾಕ್ ಆಗುತ್ತೆ. ಬೆಳಕಿನ ಮಾತು ಬಂದಾಗ ಮೈಸೂರಿನ ವಿ.ಕೆ. ಮೂರ್ತಿ ಅವರನ್ನು ನೆನೆಯಲೇಬೇಕು. 1959ರ 'ಕಾಗಜ್ ಕೆ ಫೂಲ್' ಚಿತ್ರದ ಆ ಪ್ರಸಿದ್ಧ ಬೆಳಕಿನ ಕೋಲನ್ನು ಅವರು ಮಾಡಿದ್ದು ಕನ್ನಡಿಗಳಿಂದ ಬಿಸಿಲನ್ನು ಸ್ಟುಡಿಯೊ ಒಳಗೆ ತಿರುಗಿಸಿ. ಬೆಳಕು ಎಲ್ಲಿಂದ ಬರ್ತಿದೆ ಅಂತ ನೋಡೋಕೆ ದುಬಾರಿ ಕ್ಯಾಮೆರಾ ಬೇಡ.

ಮೂರನೆಯದು, ಧ್ವನಿ. ತಿದಿಯ ಉಸಿರು, ಬಿಸಿ ಪಾತ್ರೆ ನೀರಿಗೆ ಬಿದ್ದಾಗಿನ 'ಚುಂಯ್', ಎಲ್ಲದರ ಮೇಲೂ ನನ್ನದೇ ಗಂಟಲು: "ಅಜ್ಜಾ, ಈ ಕಡೆ ನೋಡಿ!" ಶೂಟ್ ಮಾಡುವಾಗ ಬಾಯಿ ಮುಚ್ಕೊಂಡಿರಿ. ಕೊನೆಗೆ ಆ ಜಾಗದ ಸದ್ದನ್ನಷ್ಟೇ 30 ಸೆಕೆಂಡ್ ರೆಕಾರ್ಡ್ ಮಾಡಿ. ಕಟ್‌ಗಳ ನಡುವಿನ ತೂತು ಮುಚ್ಚೋಕೆ ಅದೇ ಬೇಕಾಗೋದು.

ಇನ್ನು ಎಡಿಟಿಂಗ್ ಟೇಬಲ್. ಮೊದಲು ಎಲ್ಲ ಕ್ಲಿಪ್ ಪೂರ್ತಿ ನೋಡಿ. ಕಥೆಯ ಕ್ರಮದಲ್ಲಿ ಜೋಡಿಸಿ, ಆಮೇಲೆ ಹಿಂದು-ಮುಂದು ಕತ್ತರಿಸಿ. ಕೈ ಮೇಲೇಳುವಾಗ ಕಟ್ ಮಾಡಿ, ಮುಂದಿನ ಶಾಟ್‌ನಲ್ಲಿ ಅದೇ ಕೈ ಇಳಿಯಲಿ. ಮುಂದಿನ ದೃಶ್ಯದ ಸದ್ದು ಒಂದು ಸೆಕೆಂಡ್ ಮುಂಚೆನೇ ಕೇಳಿಸಲಿ. ಸಂಗೀತ, ಫಿಲ್ಟರ್ ಎಲ್ಲ ಕಟ್ಟಕಡೆಗೆ.

ಈಗ ಆ ಒಂದು ಕ್ಲಿಪ್. ನೀರು ಕುಡಿಯೋಕೆ ಹೋಗುವಾಗ ಮೊಬೈಲನ್ನು ಕಾಂಪೌಂಡ್ ಗೋಡೆ ಮೇಲೆ ಒರಗಿಸಿಟ್ಟಿದ್ದೆ, ರೆಕಾರ್ಡಿಂಗ್ ನಿಲ್ಲಿಸೋದು ಮರೆತಿತ್ತು. ತಿದಿ, ಹೊಗೆ, ಹೊಳಪು, ಅಜ್ಜನ ಸಣ್ಣ ನಗು, ಎಲ್ಲ ಅದರಲ್ಲೇ ಇದೆ, ನಾನೊಬ್ಬ ಬಿಟ್ಟು! ಮತ್ತೆ ಚೆನ್ನಾಗಿ ತೆಗೆಯೋಣ ಅಂತ ಕಾದೆ. ಅಜ್ಜ ಆಮೇಲೆ ನಮ್ಮ ಬೀದಿಗೆ ಬರಲೇ ಇಲ್ಲ.

ಹಾಗಾಗಿ ಈ ವಾರ ಮನೆಯಲ್ಲಿ ಯಾರಾದರೂ ರೊಟ್ಟಿ ತಟ್ಟುವಾಗಲೋ, ಹೂ ಕಟ್ಟುವಾಗಲೋ ಐದು ಶಾಟ್ ತೆಗೀರಿ, ಒಂದೊಂದು ಹತ್ತು ಸೆಕೆಂಡ್. ನಾಳೆ ಮಾಡಿದ್ರಾಯ್ತು ಅಂತ ಬಿಡಬೇಡಿ. ಮತ್ತೆ ಸಿಗೋಣ.